ನೂರಕ್ಕೆ ಎಷ್ಟು ಮಂದಿ? ಅಂಗವಿಕಲತೆಯ ಅಂಕಿ-ಅಂಶಗಳನ್ನು ವ್ಯಾಪಾರಸ್ಥರು ಓದಬೇಕಾದ ಬಗೆ

ವ್ಯಾಪಾರೋದ್ಯಮದಲ್ಲಿ ತೊಡಗಿರುವ ನಮ್ಮ ಸದಸ್ಯ ಬಾಂಧವರಿಗೆ ಅಂಕಿ-ಅಂಶಗಳ ಮಹತ್ವವನ್ನು ಹೊಸದಾಗಿ ತಿಳಿಸಬೇಕಾಗಿಲ್ಲ. ದಾಸ್ತಾನು ತರಿಸುವಾಗ, ಮಳಿಗೆಗೆ ಸ್ಥಳ ಆರಿಸುವಾಗ, ಕಾರ್ಖಾನೆಗೆ ಯಂತ್ರ ಕೊಳ್ಳುವಾಗ ಎಲ್ಲರೂ ಲೆಕ್ಕ ಹಾಕಿಯೇ ಮುಂದಡಿ ಇಡುತ್ತಾರೆ. ಆದರೆ ನಮ್ಮ ಗ್ರಾಹಕರಲ್ಲಿ, ಕೆಲಸಗಾರರಲ್ಲಿ ಹಾಗೂ ನಮ್ಮದೇ ಕುಟುಂಬಗಳಲ್ಲಿ ನಡೆಯಲು, ನೋಡಲು, ಕೇಳಲು ಅಥವಾ ಕೈಕಾಲು ಆಡಿಸಲು ತೊಂದರೆ ಇರುವವರು ಎಷ್ಟು ಮಂದಿ ಎಂಬ ಪ್ರಶ್ನೆ ಬಂದಾಗ ಬಹುತೇಕರು ಊಹೆಯ ಮೇಲೆಯೇ ಉತ್ತರಿಸುತ್ತಾರೆ. "ನೂರಕ್ಕೆ ಒಬ್ಬರೋ ಇಬ್ಬರೋ ಇದ್ದಾರು, ಅಷ್ಟು ಜನಕ್ಕಾಗಿ ಅಂಗಡಿಯ ಮೆಟ್ಟಿಲು ಒಡೆಸುವುದು ಏಕೆ?" ಎಂಬುದು ಸಾಮಾನ್ಯ ಅಭಿಪ್ರಾಯ.

ಈ ಊಹೆಗೆ ಸರ್ಕಾರಿ ಅಂಕಿಯ ಬೆಂಬಲವೂ ಇದೆ ಎಂಬುದನ್ನು ಒಪ್ಪಬೇಕು. ಆದರೆ ಅದೇ ಅಂಕಿಯನ್ನು ಅದರ ವ್ಯಾಖ್ಯೆಯೊಡನೆ ಇಟ್ಟು ಓದಿದಾಗ ಬೇರೆಯೇ ಚಿತ್ರ ದೊರೆಯುತ್ತದೆ. ಲಾಭ-ನಷ್ಟದ ತಖ್ತೆಯನ್ನು ಅದರ ಅಡಿಟಿಪ್ಪಣಿಗಳಿಲ್ಲದೆ ಓದಬಾರದು ಎಂಬುದು ಲೆಕ್ಕಪರಿಶೋಧಕರ ಮೊದಲ ಪಾಠ. ಜನಸಂಖ್ಯೆಯ ಅಂಕಿಗಳಿಗೂ ಅದೇ ಪಾಠವನ್ನು ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ.

ಜನಗಣತಿ ನೀಡುವ ಲೆಕ್ಕ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು 2 ಕೋಟಿ 68 ಲಕ್ಷ. ಅಂದಿನ ಒಟ್ಟು ಜನಸಂಖ್ಯೆಯಲ್ಲಿ ಇದು ಶೇ. 2.21. ಇವರಲ್ಲಿ ಸುಮಾರು 1 ಕೋಟಿ 50 ಲಕ್ಷ ಪುರುಷರು, 1 ಕೋಟಿ 18 ಲಕ್ಷ ಮಹಿಳೆಯರು. ಗ್ರಾಮಾಂತರ ಪ್ರದೇಶದಲ್ಲಿ 1 ಕೋಟಿ 86 ಲಕ್ಷ ಮಂದಿ ಇದ್ದರೆ, ನಗರ ಪ್ರದೇಶದಲ್ಲಿ 82 ಲಕ್ಷ ಮಂದಿ ಇದ್ದರು. ವೈಕಲ್ಯದ ಬಗೆಗಳ ಪೈಕಿ ಅತಿ ದೊಡ್ಡ ಗುಂಪು ಚಲನೆಯ ತೊಂದರೆಯವರದು. ಈ ಗುಂಪಿನಲ್ಲಿ ಸುಮಾರು 54 ಲಕ್ಷ ಮಂದಿ, ಅಂದರೆ ಒಟ್ಟು ಅಂಗವಿಕಲರ ಪೈಕಿ ಐವರಲ್ಲಿ ಒಬ್ಬರು ಇದ್ದರು. ಶ್ರವಣ ದೋಷವುಳ್ಳವರು ಹಾಗೂ ದೃಷ್ಟಿ ದೋಷವುಳ್ಳವರು ತಲಾ 50 ಲಕ್ಷದಷ್ಟಿದ್ದರು.

ಕರ್ನಾಟಕದಲ್ಲಿ ಇದೇ ಗಣತಿಯು 13,24,205 ಮಂದಿ ಅಂಗವಿಕಲರನ್ನು ದಾಖಲಿಸಿತು. 6 ಕೋಟಿ 11 ಲಕ್ಷ ಜನಸಂಖ್ಯೆಯಲ್ಲಿ ಇದು ಸುಮಾರು ಶೇ. 2.17, ಅಂದರೆ ರಾಷ್ಟ್ರೀಯ ಸರಾಸರಿಗೆ ಹತ್ತಿರದ ಅಂಕಿ.

ಬಳಿಕ 2018ರ ಜುಲೈನಿಂದ ಡಿಸೆಂಬರ್‌ವರೆಗೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೆಯ ಸುತ್ತು ಇದೇ ವಿಷಯವನ್ನು ಕುರಿತು ಸುಮಾರು 1 ಲಕ್ಷ 18 ಸಾವಿರ ಕುಟುಂಬಗಳಲ್ಲಿ ನಡೆಯಿತು. ಅದರಲ್ಲಿ ಬಂದ ಉತ್ತರವೂ ಶೇ. 2.2: ಗ್ರಾಮಾಂತರದಲ್ಲಿ ಶೇ. 2.3, ನಗರದಲ್ಲಿ ಶೇ. 2.0. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಮುಂದೂಡಲ್ಪಟ್ಟು, 2027ರ ಮಾರ್ಚ್ 1ನ್ನು ಆಧಾರ ದಿನಾಂಕವಾಗಿಟ್ಟುಕೊಂಡು ನಡೆಸುವ ಅಧಿಸೂಚನೆ 2025ರ ಜೂನ್‌ನಲ್ಲಿ ಹೊರಬಿದ್ದಿತು. ಆದ್ದರಿಂದ ಭಾಷಣಗಳಲ್ಲಿ, ಯೋಜನಾ ವರದಿಗಳಲ್ಲಿ ಶೇ. 2.2 ಎಂಬ ಅಂಕಿಯೇ ಇಷ್ಟು ವರ್ಷ ಚಲಾವಣೆಯಲ್ಲಿದೆ.

ಲೆಕ್ಕದ ನೀತಿ ಬದಲಾದಾಗ

ಒಂದು ಸಂಸ್ಥೆಯು ದಾಸ್ತಾನಿನ ಮೌಲ್ಯಮಾಪನ ಪದ್ಧತಿಯನ್ನು ಬದಲಿಸಿದರೆ ಆ ವರ್ಷದ ಲಾಭ ಏರಬಹುದು ಅಥವಾ ಇಳಿಯಬಹುದು. ವ್ಯಾಪಾರದಲ್ಲಿ ನಿಜವಾಗಿ ಏನೂ ಬದಲಾಗಿರುವುದಿಲ್ಲ. ಆ ಕಾರಣದಿಂದಲೇ ಲೆಕ್ಕದ ನೀತಿಯಲ್ಲಿ ಆದ ಬದಲಾವಣೆಯನ್ನು ಪ್ರಕಟಪಡಿಸಬೇಕೆಂಬ ನಿಯಮವಿದೆ. ಅಂಗವಿಕಲತೆಯ ಗಣತಿಯಲ್ಲಿಯೂ ಇಂತಹುದೇ ಸಂಗತಿ ನಡೆದಿದೆ.

2001ರ ಜನಗಣತಿಯಲ್ಲಿ ದೃಷ್ಟಿ ದೋಷವುಳ್ಳವರು ಸುಮಾರು 1 ಕೋಟಿ 6 ಲಕ್ಷ ಮಂದಿ ಇದ್ದರು. 2011ರಲ್ಲಿ ಅವರ ಸಂಖ್ಯೆ 50 ಲಕ್ಷಕ್ಕೆ ಇಳಿಯಿತು. ಶ್ರವಣ ದೋಷವುಳ್ಳವರ ಸಂಖ್ಯೆ ಇದಕ್ಕೆ ವಿರುದ್ಧವಾಗಿ 12 ಲಕ್ಷ 60 ಸಾವಿರದಿಂದ 50 ಲಕ್ಷಕ್ಕೆ ಏರಿತು. ಹತ್ತು ವರ್ಷಗಳಲ್ಲಿ ದೇಶದ ಅರ್ಧದಷ್ಟು ಅಂಧರಿಗೆ ದೃಷ್ಟಿ ಮರಳಿತೇ? ಕಿವುಡುತನ ನಾಲ್ಕು ಪಟ್ಟು ಹೆಚ್ಚಿತೇ? ಎರಡೂ ಇಲ್ಲ. 2001ರಲ್ಲಿ ಒಂದೇ ಕಣ್ಣಿನಲ್ಲಿ ಸರಿಯಾದ ದೃಷ್ಟಿ ಇದ್ದವರನ್ನೂ ದೃಷ್ಟಿ ದೋಷವುಳ್ಳವರೆಂದು ಗಣಿಸಲಾಗಿತ್ತು. 2011ರಲ್ಲಿ ಅವರನ್ನು ಕೈಬಿಡಲಾಯಿತು. ಶ್ರವಣ ಸಾಧನ ಧರಿಸಿ ಕೇಳಬಲ್ಲವರನ್ನು 2001ರಲ್ಲಿ ಅಂಗವಿಕಲರೆಂದು ಬರೆದುಕೊಂಡಿರಲಿಲ್ಲ. 2011ರಲ್ಲಿ ಅವರನ್ನು ಸೇರಿಸಿಕೊಳ್ಳಲಾಯಿತು. ವ್ಯಾಖ್ಯೆ ಬದಲಾದುದರಿಂದ ಲಕ್ಷಾಂತರ ಮಂದಿ ಪಟ್ಟಿಯಿಂದ ಹೊರಹೋದರು, ಲಕ್ಷಾಂತರ ಮಂದಿ ಪಟ್ಟಿಗೆ ಸೇರಿದರು.

ಕರ್ನಾಟಕದ ಅಂಕಿಯನ್ನೂ ಇದೇ ಎಚ್ಚರದಿಂದ ನೋಡಬೇಕು. 2001ರಲ್ಲಿ ರಾಜ್ಯದ ಅಂಗವಿಕಲರ ಸಂಖ್ಯೆ 9,40,643 ಆಗಿತ್ತು. ಹತ್ತು ವರ್ಷಗಳಲ್ಲಿ ಜನಸಂಖ್ಯೆ ಶೇ. 15.6ರಷ್ಟು ಬೆಳೆದರೆ, ದಾಖಲಾದ ಅಂಗವಿಕಲರ ಸಂಖ್ಯೆ ಶೇ. 40ಕ್ಕೂ ಮಿಗಿಲಾಗಿ ಬೆಳೆಯಿತು. 2001ರಲ್ಲಿ ಐದು ಬಗೆಯ ವೈಕಲ್ಯಗಳನ್ನು ಮಾತ್ರ ಕೇಳಲಾಗಿತ್ತು, 2011ರಲ್ಲಿ ಎಂಟು ಬಗೆಗಳನ್ನು ಕೇಳಲಾಯಿತು. ಏರಿಕೆಯಲ್ಲಿ ಈ ಬದಲಾವಣೆಯ ಪಾಲು ಇದ್ದೇ ಇದೆ.

ಜಗತ್ತಿನ ಅಂಕಿಗಳು ಏಕೆ ದೊಡ್ಡವು?

ವಿಶ್ವ ಆರೋಗ್ಯ ಸಂಸ್ಥೆಯು 1970ರ ದಶಕದಲ್ಲಿ ಜಗತ್ತಿನ ಜನಸಂಖ್ಯೆಯ ಶೇ. 10ರಷ್ಟು ಮಂದಿ ಅಂಗವಿಕಲರೆಂದು ಅಂದಾಜು ಮಾಡಿತ್ತು. ವಿಶ್ವಬ್ಯಾಂಕಿನ ಜೊತೆ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಅಂದಾಜು ಶೇ. 15ಕ್ಕೆ ಏರಿತು. 2022ರ ವರದಿಯು 130 ಕೋಟಿ ಜನ, ಅಂದರೆ ಶೇ. 16, ಎಂದು ತಿಳಿಸಿತು. ಇದರ ಪ್ರಕಾರ ಭೂಮಿಯ ಮೇಲಿನ ಆರು ಜನರಲ್ಲಿ ಒಬ್ಬರು ಯಾವುದಾದರೊಂದು ಗಣನೀಯ ವೈಕಲ್ಯದೊಡನೆ ಬದುಕುತ್ತಿದ್ದಾರೆ. ಆಸ್ಟ್ರೇಲಿಯಾದ ಅಧಿಕೃತ ಸಮೀಕ್ಷೆಯು 2022ರಲ್ಲಿ ಅಲ್ಲಿನ ಜನಸಂಖ್ಯೆಯ ಶೇ. 21.4ರಷ್ಟು ಮಂದಿಗೆ ವೈಕಲ್ಯವಿದೆಯೆಂದು ದಾಖಲಿಸಿತು.

ಹಾಗಾದರೆ ಭಾರತೀಯರು ಆಸ್ಟ್ರೇಲಿಯಾದವರಿಗಿಂತ ಹತ್ತು ಪಟ್ಟು ಆರೋಗ್ಯವಂತರೇ? ಈ ತೀರ್ಮಾನವನ್ನು ಯಾವ ವೈದ್ಯರೂ ಒಪ್ಪಲಾರರು. ಅಲ್ಲಿ ವಯಸ್ಸಾದವರ ಪ್ರಮಾಣ ಹೆಚ್ಚು ಎಂಬುದು ನಿಜ. ಆದರೆ ಅಷ್ಟರಿಂದಲೇ ಇಷ್ಟು ದೊಡ್ಡ ಅಂತರ ಉಂಟಾಗುವುದಿಲ್ಲ. ವಿಶ್ವಬ್ಯಾಂಕು 2007ರಲ್ಲಿ ಭಾರತವನ್ನೇ ಕುರಿತು ಪ್ರಕಟಿಸಿದ ವರದಿಯು ನಮ್ಮ ದೇಶದಲ್ಲಿ ಶೇ. 4ರಿಂದ 8ರಷ್ಟು ಮಂದಿಗೆ ವೈಕಲ್ಯವಿರಬಹುದೆಂದು ಅಂದಾಜಿಸಿತ್ತು. ಇದು ಜನಗಣತಿಯ ಅಂಕಿಯ ಎರಡು ಪಟ್ಟಿನಿಂದ ನಾಲ್ಕು ಪಟ್ಟಿನವರೆಗೆ ಆಗುತ್ತದೆ.

ಒಂದೇ ದೇಶದೊಳಗೂ ಇಂತಹ ಅಂತರ ಕಾಣುತ್ತದೆ. ಅಮೆರಿಕದ ಜನಗಣತಿ ಇಲಾಖೆಯ ವಾರ್ಷಿಕ ಸಮೀಕ್ಷೆ ಶೇ. 13ರಷ್ಟು ಮಂದಿ ಅಂಗವಿಕಲರು ಎನ್ನುತ್ತದೆ. ಅದೇ ದೇಶದ ರೋಗ ನಿಯಂತ್ರಣ ಕೇಂದ್ರವು ವಯಸ್ಕರಲ್ಲಿ ನಾಲ್ವರಿಗೆ ಒಬ್ಬರಿಗಿಂತ ಹೆಚ್ಚು ಎನ್ನುತ್ತದೆ. ಎರಡೂ ಕಡೆ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಆದರೆ ಮೊದಲನೆಯದು ಮಕ್ಕಳನ್ನೂ ಒಳಗೊಂಡು ಎಲ್ಲ ವಯಸ್ಸಿನವರನ್ನು ಎಣಿಸುತ್ತದೆ ಮತ್ತು ಸಾಮಾನ್ಯವಾಗಿ ಮನೆಯ ಒಬ್ಬರೇ ಎಲ್ಲರ ಪರವಾಗಿ ಉತ್ತರಿಸುತ್ತಾರೆ. ಎರಡನೆಯದು ವಯಸ್ಕರಿಗೆ ದೂರವಾಣಿ ಮಾಡಿ ಅವರವರ ಬಗ್ಗೆಯೇ ಕೇಳುತ್ತದೆ. ಯಾರನ್ನು ಕೇಳಿದಿರಿ, ಯಾರ ಬಗ್ಗೆ ಕೇಳಿದಿರಿ ಎಂಬುದೂ ಉತ್ತರವನ್ನು ಬದಲಿಸುತ್ತದೆ.

ಪ್ರಶ್ನೆ ಕೇಳುವ ಬಗೆ

ನಮ್ಮಲ್ಲಿ ಗಣತಿದಾರರು ಮನೆಯ ಬಾಗಿಲಲ್ಲಿ ನಿಂತು ಯಜಮಾನರನ್ನು "ಮನೆಯಲ್ಲಿ ಯಾರಾದರೂ ಅಂಗವಿಕಲರಿದ್ದಾರೆಯೇ?" ಎಂಬರ್ಥದ ಪ್ರಶ್ನೆ ಕೇಳಿದಾಗ ಏನಾಗಬಹುದೆಂದು ಯೋಚಿಸಿ ನೋಡಿ. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದ ತಾಯಿಯನ್ನು ಮಗನು ಅಂಗವಿಕಲೆ ಎಂದು ಬರೆಸುವುದಿಲ್ಲ, "ವಯಸ್ಸಾಗಿದೆ" ಎನ್ನುತ್ತಾನೆ. ಮದುವೆಗೆ ಬಂದ ಮಗಳಿಗೆ ಕಿವಿ ಮಂದವಾಗಿದ್ದರೆ ಆ ವಿಷಯ ಮನೆಯಿಂದ ಹೊರಗೆ ಬರುವುದೇ ಇಲ್ಲ. ಪಾರ್ಶ್ವವಾಯು ಬಡಿದು ಒಂದು ಕೈ ಸೋತ ತಂದೆಯು "ಹುಷಾರಿಲ್ಲದವರು" ಎನಿಸಿಕೊಳ್ಳುತ್ತಾರೆ. ಸುಳ್ಳು ಹೇಳಬೇಕೆಂಬ ಉದ್ದೇಶ ಯಾರಿಗೂ ಇಲ್ಲ. ಆ ಪದವೇ ಬೇರೆ ಯಾರಿಗೋ ಸೇರಿದ್ದೆಂಬ ಭಾವನೆ ಎಲ್ಲರಲ್ಲಿದೆ.

ಈ ತೊಡಕನ್ನು ನಿವಾರಿಸಲು ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗದ ಆಶ್ರಯದಲ್ಲಿ 2001ರಲ್ಲಿ ರೂಪುಗೊಂಡ ವಾಷಿಂಗ್ಟನ್ ಗುಂಪು ಎಂಬ ತಜ್ಞರ ಕೂಟವು ಆರು ಸರಳ ಪ್ರಶ್ನೆಗಳನ್ನು ಸಿದ್ಧಪಡಿಸಿತು. ಕನ್ನಡಕ ಹಾಕಿಕೊಂಡರೂ ನೋಡಲು ತೊಂದರೆಯೇ? ಶ್ರವಣ ಸಾಧನ ಬಳಸಿದರೂ ಕೇಳಲು ತೊಂದರೆಯೇ? ನಡೆಯಲು ಅಥವಾ ಮೆಟ್ಟಿಲು ಹತ್ತಲು ತೊಂದರೆಯೇ? ನೆನಪಿಡಲು ಅಥವಾ ಗಮನವಿಡಲು ತೊಂದರೆಯೇ? ಸ್ನಾನ ಮಾಡಲು, ಬಟ್ಟೆ ತೊಡಲು ತೊಂದರೆಯೇ? ಮಾತನ್ನು ಅರ್ಥ ಮಾಡಿಕೊಳ್ಳಲು ಅಥವಾ ಅರ್ಥ ಮಾಡಿಸಲು ತೊಂದರೆಯೇ? ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳಿವೆ: ತೊಂದರೆ ಇಲ್ಲ, ಸ್ವಲ್ಪ ಇದೆ, ಬಹಳ ಇದೆ, ಮಾಡಲು ಆಗುವುದೇ ಇಲ್ಲ. ಇಲ್ಲಿ 'ಅಂಗವಿಕಲ' ಎಂಬ ಪದವನ್ನೇ ಬಳಸುವುದಿಲ್ಲ ಎಂಬುದನ್ನು ಗಮನಿಸಬೇಕು. ಯಾವುದಾದರೊಂದು ಪ್ರಶ್ನೆಗೆ 'ಬಹಳ ಇದೆ' ಅಥವಾ 'ಆಗುವುದೇ ಇಲ್ಲ' ಎಂದವರನ್ನು ಮಾತ್ರ ಅಂಗವಿಕಲರ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಗೆರೆಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ 'ಸ್ವಲ್ಪ ಇದೆ' ಎಂದವರನ್ನೂ ಸೇರಿಸಿದರೆ ಅಂಕಿ ಹಲವು ಪಟ್ಟು ಹಿಗ್ಗುತ್ತದೆ.

ವಸೂಲಾಗದ ಬಾಕಿಯನ್ನು ಎಣಿಸುವಾಗಲೂ ಹೀಗೆಯೇ ಅಲ್ಲವೇ? ಪೂರ್ತಿ ಮುಳುಗಿದ ಬಾಕಿಯನ್ನು ಮಾತ್ರ ಎಣಿಸಿದರೆ ಒಂದು ಮೊತ್ತ. ಆರು ತಿಂಗಳು ದಾಟಿದ ಎಲ್ಲ ಬಾಕಿಯನ್ನು ಸೇರಿಸಿದರೆ ಇನ್ನೊಂದು ಮೊತ್ತ. ಎರಡೂ ಸುಳ್ಳಲ್ಲ. ಯಾವ ನಿರ್ಣಯಕ್ಕೆ ಯಾವ ಮೊತ್ತ ಬೇಕೆಂಬುದನ್ನು ತಿಳಿದಿರಬೇಕು, ಅಷ್ಟೇ.

ವಯಸ್ಸಿನ ಲೆಕ್ಕ

ವ್ಯಾಖ್ಯೆಯ ಪರಿಣಾಮ ಅತ್ಯಂತ ಸ್ಪಷ್ಟವಾಗಿ ಕಾಣುವುದು ಹಿರಿಯ ನಾಗರಿಕರ ವಿಷಯದಲ್ಲಿ. 2011ರ ಜನಗಣತಿಯ ಪ್ರಕಾರ 60 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 5 ಮಂದಿ ಮಾತ್ರ ಅಂಗವಿಕಲರು. ಆದರೆ ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ 2017-18ರಲ್ಲಿ ನಡೆದ, 45 ವರ್ಷ ದಾಟಿದವರನ್ನು ಕುರಿತ 'ಲಾಸಿ' ಎಂಬ ರಾಷ್ಟ್ರೀಯ ವೃದ್ಧಾಪ್ಯ ಅಧ್ಯಯನವು ನಿತ್ಯದ ಕೆಲಸಗಳನ್ನು ಒಂದೊಂದಾಗಿ ಹೆಸರಿಸಿ ಕೇಳಿತು. ಕೋಣೆಯೊಳಗೆ ನಡೆಯುವುದು, ಸ್ನಾನ, ಬಟ್ಟೆ ತೊಡುವುದು, ಊಟ, ಹಾಸಿಗೆಯಿಂದ ಏಳುವುದು, ಶೌಚ ಎಂಬ ಆರರಲ್ಲಿ ಒಂದಕ್ಕಾದರೂ ತೊಂದರೆ ಇದೆಯೆಂದವರು 60 ದಾಟಿದವರಲ್ಲಿ ನೂರಕ್ಕೆ ಸುಮಾರು 24 ಮಂದಿ. ಅಡುಗೆ, ಅಂಗಡಿಯಿಂದ ಸಾಮಾನು ತರುವುದು, ಹಣದ ವ್ಯವಹಾರ, ದೂರವಾಣಿ ಕರೆ, ಔಷಧ ಸೇವನೆ ಮೊದಲಾದ ಕೆಲಸಗಳಲ್ಲಿ ಒಂದಕ್ಕಾದರೂ ತೊಂದರೆ ಇದೆಯೆಂದವರು ನೂರಕ್ಕೆ ಸುಮಾರು 48 ಮಂದಿ. ಎರಡನೆಯ ಪಟ್ಟಿಯಲ್ಲಿ ಅಂಗಡಿಗೆ ಹೋಗುವ ಕೆಲಸವೂ ಸೇರಿದೆ ಎಂಬುದು ವ್ಯಾಪಾರಸ್ಥರ ಗಮನಕ್ಕೆ ಬರಬೇಕಾದ ಅಂಶ.

ಇದನ್ನು ಒಂದು ಲಕ್ಷ ಜನಸಂಖ್ಯೆಯ ಪಟ್ಟಣಕ್ಕೆ ಇಳಿಸಿ ನೋಡೋಣ. ದೇಶದ ಸರಾಸರಿಯನ್ನೇ ಹಿಡಿದರೆ ಜನಗಣತಿಯ ಲೆಕ್ಕದಲ್ಲಿ ಅಲ್ಲಿರುವ ಎಲ್ಲ ವಯಸ್ಸಿನ ಅಂಗವಿಕಲರು ಸುಮಾರು 2,200 ಮಂದಿ. 2011ರಲ್ಲಿ ದೇಶದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ. 8.6ರಷ್ಟಿದ್ದುದರಿಂದ ಆ ಪಟ್ಟಣದಲ್ಲಿ 8,600 ಹಿರಿಯರು. ಅವರಲ್ಲಿ ಶೇ. 24ರಷ್ಟು ಮಂದಿಗೆ ನಿತ್ಯದ ಚಲನವಲನದಲ್ಲಿಯೇ ತೊಂದರೆ ಎಂದರೆ 2,000ಕ್ಕೂ ಹೆಚ್ಚು ಮಂದಿ. ಹೀಗೆ ಹಿರಿಯರ ಸಂಖ್ಯೆಯೊಂದೇ ಜನಗಣತಿಯ ಒಟ್ಟು ಅಂಗವಿಕಲರ ಸಂಖ್ಯೆಗೆ ಹತ್ತಿರ ಹತ್ತಿರ ಸಮವಾಗುತ್ತದೆ. ಇವರಲ್ಲಿ ಬಹುಪಾಲು ಮಂದಿ ಆ 2,200ರ ಪಟ್ಟಿಯಲ್ಲಿ ಇಲ್ಲ. ಸರ್ಕಾರದ ತಾಂತ್ರಿಕ ಸಮಿತಿಯ ಮುನ್ನಂದಾಜಿನಂತೆ 60 ದಾಟಿದವರ ಪ್ರಮಾಣ 2021ಕ್ಕೆ ಶೇ. 10.1 ಆಗಿ, 2031ಕ್ಕೆ ಶೇ. 13.1 ಆಗಲಿದೆ. ಅಂದರೆ ಈ ಖಾತೆಯ ಶಿಲ್ಕು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಗುತ್ತದೆ.

ಕಾರಣಗಳು ಬದಲಾಗುತ್ತಿವೆ

ಚಲನೆಯ ತೊಂದರೆ ಎಂದೊಡನೆ ನಮ್ಮ ತಲೆಮಾರಿನವರಿಗೆ ನೆನಪಾಗುವುದು ಪೋಲಿಯೋ. ಭಾರತದಲ್ಲಿ ಕೊನೆಯ ಪೋಲಿಯೋ ಪ್ರಕರಣವು 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ದಾಖಲಾಯಿತು. 2014ರ ಮಾರ್ಚ್ 27ರಂದು ದೇಶವು ಪೋಲಿಯೋಮುಕ್ತವೆಂದು ಪ್ರಮಾಣೀಕರಿಸಲ್ಪಟ್ಟಿತು. ಆದರೆ ಬಾಲ್ಯದಲ್ಲಿ ಆ ರೋಗಕ್ಕೆ ತುತ್ತಾದವರು ಇಂದು ನಡುವಯಸ್ಸಿನಲ್ಲಿ, ಇಳಿವಯಸ್ಸಿನಲ್ಲಿ ನಮ್ಮ ನಡುವೆ ದುಡಿಯುತ್ತಿದ್ದಾರೆ. ಹೊಸ ಜಮೆ ನಿಂತರೂ ಹಳೆಯ ಶಿಲ್ಕು ಉಳಿದಿದೆ.

ಕರ್ನಾಟಕಕ್ಕೆ ತನ್ನದೇ ಆದ ಕೆಲವು ಕಾರಣಗಳೂ ಇವೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರನ್ನೇ ಪಡೆದ ಕಾಯಿಲೆಯು 1970ರ ದಶಕದ ನಡುಭಾಗದಲ್ಲಿ ಗಮನಕ್ಕೆ ಬಂದಿತು. ಸೊಂಟ ಹಾಗೂ ಮಂಡಿಯ ಕೀಲುಗಳನ್ನು ಸವೆಸಿ ನಡೆಯುವ ಶಕ್ತಿಯನ್ನೇ ಕಸಿಯುವ ಕಾಯಿಲೆಯಿದು. ತುಮಕೂರು ಜಿಲ್ಲೆಯ ಪಾವಗಡದಂತಹ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಅಂಶವು ವರ್ಷಗಟ್ಟಲೆ ದೇಹ ಸೇರಿ ಮೂಳೆ-ಕೀಲುಗಳನ್ನು ಬಿಗಿಗೊಳಿಸಿರುವುದು ಬಹುಕಾಲದಿಂದ ತಿಳಿದಿರುವ ಸಮಸ್ಯೆ.

ಇಂದು ಹೊಸದಾಗಿ ಜಮೆಯಾಗುತ್ತಿರುವ ಕಾರಣಗಳು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10 ಕೋಟಿ 10 ಲಕ್ಷ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ನಿಯಂತ್ರಣ ತಪ್ಪಿದ ಮಧುಮೇಹವು ಪಾದದ ಸ್ಪರ್ಶಜ್ಞಾನವನ್ನೂ ಕಣ್ಣಿನ ಅಕ್ಷಿಪಟಲವನ್ನೂ ಕೆಡಿಸುತ್ತದೆ. ರಸ್ತೆ ಅಪಘಾತಗಳಲ್ಲಿ 2022ರ ಒಂದೇ ವರ್ಷದಲ್ಲಿ 1,68,491 ಮಂದಿ ಮೃತಪಟ್ಟು 4,43,366 ಮಂದಿ ಗಾಯಗೊಂಡರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಗಾಯಾಳುಗಳೆಲ್ಲರೂ ಅಂಗವಿಕಲರಾಗುವುದಿಲ್ಲ, ಕೆಲವರಾದರೂ ಮೊದಲಿನಂತೆ ನಡೆಯುವುದಿಲ್ಲ. ಇನ್ನು ಕಾಲು ಮುರಿದು ಮೂರು ತಿಂಗಳು ಊರುಗೋಲು ಹಿಡಿದವರು, ತುಂಬು ಗರ್ಭಿಣಿಯರು, ಕೈಗೂಸನ್ನು ಎತ್ತಿಕೊಂಡ ತಾಯಂದಿರು ಯಾವ ಗಣತಿಯಲ್ಲಿಯೂ ಬರುವುದಿಲ್ಲ. ಆದರೆ ಎತ್ತರದ ಮೆಟ್ಟಿಲು ಅವರಿಗೂ ಅಡ್ಡಿಯೇ.

ತಲೆಯ ಲೆಕ್ಕವಲ್ಲ, ಮನೆಯ ಲೆಕ್ಕ

ನಮ್ಮ ದೇಶದಲ್ಲಿ ಖರೀದಿಯ ನಿರ್ಣಯವು ಬಹುತೇಕ ಕುಟುಂಬದ ನಿರ್ಣಯ. ದೀಪಾವಳಿಗೆ ಬಟ್ಟೆ ತೆಗೆಯಲು, ಮದುವೆಗೆ ಒಡವೆ ಕೊಳ್ಳಲು ಮನೆಮಂದಿಯೆಲ್ಲ ಬರುತ್ತಾರೆ. ಅಜ್ಜಿಗೆ ಮೆಟ್ಟಿಲು ಹತ್ತಲಾಗದಿದ್ದರೆ ಅಜ್ಜಿಯೊಬ್ಬರೇ ಹೊರಗೆ ಉಳಿಯುವುದಿಲ್ಲ. ಇಡೀ ಕುಟುಂಬ ಮುಂದಿನ ಅಂಗಡಿಗೆ ಹೋಗುತ್ತದೆ. ಆದ್ದರಿಂದ ವ್ಯಾಪಾರಕ್ಕೆ ಸಂಬಂಧಿಸಿದ ಅಂಕಿ ಯಾವುದೆಂದರೆ, ಎಷ್ಟು ಮನೆಗಳಲ್ಲಿ ಒಬ್ಬರಾದರೂ ಅಂಗವಿಕಲರಿದ್ದಾರೆ ಎಂಬುದು. 2011ರ ಜನಗಣತಿಯ ಪ್ರಕಾರವೇ ಅಂತಹ ಮನೆಗಳು ಸುಮಾರು 2 ಕೋಟಿ 7 ಲಕ್ಷ. ಒಟ್ಟು ಮನೆಗಳಲ್ಲಿ ಶೇ. 8.3. ವ್ಯಕ್ತಿಗಳ ಲೆಕ್ಕದಲ್ಲಿ ನಲವತ್ತೈದಕ್ಕೆ ಒಬ್ಬರು ಎನಿಸಿದ್ದು ಕುಟುಂಬಗಳ ಲೆಕ್ಕದಲ್ಲಿ ಹನ್ನೆರಡಕ್ಕೆ ಒಂದು ಆಗುತ್ತದೆ. ಇದು ಅತ್ಯಂತ ಸಂಕುಚಿತ ವ್ಯಾಖ್ಯೆಯಿಂದ ಬಂದ ಅಂಕಿ ಎಂಬುದನ್ನು ಮರೆಯಬಾರದು.

ದುಡಿಮೆಯ ಲೆಕ್ಕ

2018ರ ಮಾದರಿ ಸಮೀಕ್ಷೆಯು ಇನ್ನೊಂದು ವಿಷಯವನ್ನು ಹೊರಗೆಡವಿತು. 15 ವರ್ಷ ದಾಟಿದ ಅಂಗವಿಕಲರಲ್ಲಿ ದುಡಿಯುತ್ತಿರುವವರು ಅಥವಾ ದುಡಿಮೆ ಹುಡುಕುತ್ತಿರುವವರು ಶೇ. 23.8 ಮಾತ್ರ. ಏಳು ವರ್ಷ ದಾಟಿದವರಲ್ಲಿ ಸಾಕ್ಷರರು ಶೇ. 52.2. ವೈಕಲ್ಯದ ಪ್ರಮಾಣಪತ್ರ ಹೊಂದಿದ್ದವರು ಶೇ. 28.8. ನಾಲ್ವರಲ್ಲಿ ಮೂವರು ದುಡಿಮೆಯ ಮಾರುಕಟ್ಟೆಗೆ ಕಾಲಿಟ್ಟೇ ಇಲ್ಲ. ಇವರಲ್ಲಿ ವಯೋವೃದ್ಧರೂ ಇದ್ದಾರೆ, ತೀವ್ರ ವೈಕಲ್ಯದವರೂ ಇದ್ದಾರೆ. ಆದರೆ ಕುಳಿತು ಮಾಡುವ ಲೆಕ್ಕಪತ್ರ, ಪ್ಯಾಕಿಂಗ್, ಜೋಡಣೆ, ಗುಣಮಟ್ಟ ಪರೀಕ್ಷೆ, ದೂರವಾಣಿಯ ಮೂಲಕ ಆರ್ಡರ್ ಪಡೆಯುವಂತಹ ಕೆಲಸಗಳನ್ನು ಸಮರ್ಥವಾಗಿ ಮಾಡಬಲ್ಲವರು ಬಸ್ಸಿನ ಮೆಟ್ಟಿಲು, ಕಾರ್ಖಾನೆಯ ಶೌಚಾಲಯ ಮುಂತಾದ ಕಾರಣಗಳಿಂದ ಮನೆಯಲ್ಲಿಯೇ ಉಳಿದಿದ್ದಾರೆ ಎಂಬುದೂ ಅಷ್ಟೇ ನಿಜ. ಕೆಲಸಕ್ಕೆ ಜನ ಸಿಗುತ್ತಿಲ್ಲವೆಂದು ಸಣ್ಣ ಉದ್ಯಮಿಗಳು ದೂರುವ ಈ ಕಾಲದಲ್ಲಿ ಈ ಅಂಕಿಯನ್ನು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಕಾನೂನಿನ ಅಂಶಗಳು

1995ರ ಕಾಯಿದೆಯ ಸ್ಥಾನದಲ್ಲಿ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016, ದಿನಾಂಕ 19-4-2017ರಿಂದ ಜಾರಿಯಲ್ಲಿದೆ. ಹಿಂದೆ 7 ಇದ್ದ ವೈಕಲ್ಯದ ಬಗೆಗಳು ಇದರಲ್ಲಿ 21ಕ್ಕೆ ಏರಿವೆ. ಬಹುತೇಕ ಸೌಲಭ್ಯಗಳಿಗೆ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ ಅಗತ್ಯ. ಸದಸ್ಯರು ಗಮನಿಸಬೇಕಾದ ಮುಖ್ಯ ಅಂಶಗಳು ಇಂತಿವೆ:

1. ಕಲಂ 21ರ ಪ್ರಕಾರ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಇದು ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳ ನೀತಿಯಲ್ಲಿ ಇರಬೇಕಾದ ವಿವರಗಳನ್ನು 2017ರ ನಿಯಮಗಳು ಪಟ್ಟಿ ಮಾಡಿವೆ.

2. ಸರ್ಕಾರಿ ಉದ್ಯೋಗದಲ್ಲಿ ಶೇ. 4ರ ಮೀಸಲಾತಿ ಇದೆ. ಖಾಸಗಿ ವಲಯಕ್ಕೆ ಮೀಸಲಾತಿಯ ಕಡ್ಡಾಯವಿಲ್ಲ. ಒಟ್ಟು ನೌಕರರಲ್ಲಿ ಶೇ. 5ರಷ್ಟಾದರೂ ವಿಕಲಚೇತನರಿರುವಂತೆ ಉತ್ತೇಜನ ನೀಡುವುದನ್ನು ಕಲಂ 35 ಸರ್ಕಾರಕ್ಕೆ ವಹಿಸಿದೆ.

3. ಅಧಿನಿಯಮದ ಉಲ್ಲಂಘನೆಗೆ ಮೊದಲ ಬಾರಿ 10,000 ರೂಪಾಯಿಗಳವರೆಗೆ, ಮರುಕಳಿಸಿದರೆ 50,000 ರೂಪಾಯಿಗಳಿಂದ 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಕಲಂ 89 ಅವಕಾಶ ನೀಡುತ್ತದೆ.

4. ಕಟ್ಟಡ ಹಾಗೂ ಸೇವೆಗಳ ಸುಗಮ್ಯತೆಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಮಹತ್ವದ ತೀರ್ಪು ನೀಡಿದೆ. ಸುಗಮ್ಯತೆಯ ಮಾನದಂಡಗಳನ್ನು ಕೇವಲ ಶಿಫಾರಸಿನ ಮಟ್ಟದಲ್ಲಿ ಉಳಿಸಿದ್ದ 15(1)ನೆಯ ನಿಯಮವು ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ಸಾರಿ, ಕಡ್ಡಾಯ ಮಾನದಂಡಗಳನ್ನು ಪ್ರತ್ಯೇಕವಾಗಿ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿದೆ. ಹೊಸ ಕಟ್ಟಡ ಕಟ್ಟುವವರು ಇದನ್ನು ನಕ್ಷೆಯ ಹಂತದಲ್ಲಿಯೇ ಗಮನಿಸುವುದು ಕ್ಷೇಮ.

5. ಆದಾಯ ತೆರಿಗೆಯಲ್ಲಿ 80ಯು ಹಾಗೂ 80ಡಿಡಿ ಎಂದು ಪರಿಚಿತವಾದ ಕಡಿತಗಳು ಕ್ರಮವಾಗಿ ತೆರಿಗೆದಾರರ ಸ್ವಂತ ವೈಕಲ್ಯಕ್ಕೆ ಹಾಗೂ ಅವಲಂಬಿತರ ವೈಕಲ್ಯಕ್ಕೆ ಸಂಬಂಧಿಸಿದವು. ಕಡಿತದ ಮೊತ್ತ 75,000 ರೂಪಾಯಿ, ಶೇ. 80 ಅಥವಾ ಹೆಚ್ಚಿನ ವೈಕಲ್ಯಕ್ಕೆ 1,25,000 ರೂಪಾಯಿ. ಇವು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ದೊರೆಯುತ್ತವೆ. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿತವಾದ 2025ರ ಆದಾಯ ತೆರಿಗೆ ಅಧಿನಿಯಮದಲ್ಲಿ ಕಲಂಗಳ ಸಂಖ್ಯೆ ಬೇರೆಯಾಗಿರುವುದನ್ನು ಗಮನಿಸಬೇಕು. ಪ್ರಮಾಣಪತ್ರವಿಲ್ಲದೆ ಕಡಿತವಿಲ್ಲ, ಹತ್ತರಲ್ಲಿ ಏಳು ಮಂದಿಗೆ ಪ್ರಮಾಣಪತ್ರವೇ ಇರಲಿಲ್ಲವೆಂಬ ಸಮೀಕ್ಷೆಯ ಅಂಕಿಯನ್ನು ಇಲ್ಲಿ ಮತ್ತೆ ನೆನೆಯಬೇಕು. ನೌಕರರ ಕುಟುಂಬದಲ್ಲಿ ಅಂತಹವರಿದ್ದರೆ ಪ್ರಮಾಣಪತ್ರ ಪಡೆಯಲು ಒಂದು ದಿನದ ರಜೆ ನೀಡಿ ನೆರವಾಗುವುದು ಮಾಲೀಕರಿಗೆ ದೊಡ್ಡ ಹೊರೆಯಲ್ಲ.

ಒಂದು ಮೆಟ್ಟಿಲಿನ ವೆಚ್ಚ

ಕಾನೂನಿನ ಭಯಕ್ಕಿಂತ ಲೆಕ್ಕದ ವಿವೇಕವೇ ಉತ್ತಮ ಪ್ರೇರಣೆ. ಇಳಿಜಾರು ಹಾದಿಗೆ ಸ್ವೀಕೃತವಾದ ಪ್ರಮಾಣ ಒಂದಕ್ಕೆ ಹನ್ನೆರಡು. ಅಂದರೆ ಆರು ಅಂಗುಲ ಎತ್ತರದ ಒಂದು ಮೆಟ್ಟಿಲಿಗೆ ಆರು ಅಡಿ ಉದ್ದದ ಇಳಿಜಾರು ಬೇಕು. ಮೂರು ಮೆಟ್ಟಿಲುಗಳಾದರೆ ಹದಿನೆಂಟು ಅಡಿ. ಆದ್ದರಿಂದ ಹೊಸ ಮಳಿಗೆ ಕಟ್ಟುವಾಗ ನೆಲಗಟ್ಟನ್ನು ಎಷ್ಟು ಎತ್ತರಿಸಬೇಕೆಂದು ಮೊದಲೇ ಯೋಚಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಹಳೆಯ ಮಳಿಗೆಗೆ ಜಾಗವಿಲ್ಲದಿದ್ದರೆ ಬೇಕಾದಾಗ ಹಾಕಿ ತೆಗೆಯಬಹುದಾದ ಲೋಹದ ಹಲಗೆಯನ್ನು ಇಡಬಹುದು. ಪಾದಚಾರಿ ಮಾರ್ಗವನ್ನು ಒತ್ತುವರಿ ಮಾಡಿ ಇಳಿಜಾರು ಕಟ್ಟುವುದು ಸಲ್ಲದು. ಬಾಗಿಲಿನ ಅಗಲ 900 ಮಿಲಿಮೀಟರ್ ಇದ್ದರೆ ಗಾಲಿಕುರ್ಚಿ ಸರಾಗವಾಗಿ ಒಳಬರುತ್ತದೆ. ಮೆಟ್ಟಿಲಿನ ಪಕ್ಕ ಒಂದು ಹಿಡಿಗಂಬಿ, ಗಲ್ಲಾದ ಮುಂದೆ ಒಂದು ಕುರ್ಚಿ, ದಪ್ಪ ಅಕ್ಷರದ ಬೆಲೆಪಟ್ಟಿ, ಮನೆಗೆ ಸಾಮಾನು ತಲುಪಿಸುವ ಏರ್ಪಾಡು ಇವುಗಳಿಗೆ ತಗಲುವ ಖರ್ಚು ಅತ್ಯಲ್ಪ.

ಲೆಕ್ಕಪತ್ರದ ದೃಷ್ಟಿಯಿಂದ ಹೇಳುವುದಾದರೆ, ಕಟ್ಟಡಕ್ಕೆ ಶಾಶ್ವತವಾಗಿ ಸೇರುವ ಕಾಮಗಾರಿಯು ಸಾಮಾನ್ಯವಾಗಿ ಬಂಡವಾಳ ವೆಚ್ಚವಾಗಿ ಅದರ ಮೇಲೆ ಸವಕಳಿ ದೊರೆಯುತ್ತದೆ. ಇದ್ದ ನೆಲದ ದುರಸ್ತಿಯು ಆಯಾ ವರ್ಷದ ಖರ್ಚಾಗುತ್ತದೆ. ಕೆಲಸ ಪ್ರಾರಂಭಿಸುವ ಮುನ್ನ ತಮ್ಮ ಲೆಕ್ಕಪರಿಶೋಧಕರೊಡನೆ ಒಂದು ಮಾತು ಸಮಾಲೋಚಿಸುವುದು ಒಳಿತು.

ಸಾರಾಂಶವಿಷ್ಟೇ. ಶೇ. 2.2 ಎಂಬುದು ತಪ್ಪು ಅಂಕಿಯಲ್ಲ. ತಮ್ಮನ್ನು ಅಂಗವಿಕಲರೆಂದು ಒಪ್ಪಿಕೊಂಡವರ, ಅಥವಾ ಮನೆಯವರು ಹಾಗೆಂದು ಬರೆಸಿದವರ ಸಂಖ್ಯೆ ಅದು. ಸೌಲಭ್ಯ ಹಂಚುವ ಸರ್ಕಾರಕ್ಕೆ ಆ ಅಂಕಿ ಒಂದು ಮಟ್ಟಿಗೆ ಸಾಲಬಹುದು. ಆದರೆ ಬಾಗಿಲು ತೆರೆದು ಗಿರಾಕಿಗಾಗಿ ಕಾಯುವ ವ್ಯಾಪಾರಸ್ಥನಿಗೆ ಬೇಕಾದದ್ದು ಮೆಟ್ಟಿಲು ಹತ್ತಲು ಕಷ್ಟಪಡುವವರ ಸಂಖ್ಯೆ. ಅದು ಹಲವು ಪಟ್ಟು ದೊಡ್ಡದು, ಮತ್ತು ಆಯುಷ್ಯವಿದ್ದರೆ ನಾವೆಲ್ಲರೂ ಒಂದು ದಿನ ಆ ಸಂಖ್ಯೆಗೆ ಸೇರತಕ್ಕವರೇ. ಸದಸ್ಯ ಬಾಂಧವರು ಈ ಮಾಸದ ದಾಸ್ತಾನು ಲೆಕ್ಕ ಮುಗಿದ ಮೇಲೆ ಒಮ್ಮೆ ತಮ್ಮ ಮಳಿಗೆಯ ಹೊರಗೆ ನಿಂತು ಒಳಗೆ ಬರುವ ಹಾದಿಯನ್ನು ಅಳತೆ ಪಟ್ಟಿ ಹಿಡಿದು ಅಳೆಯಬೇಕೆಂದು ವಿನಂತಿ.